ಪಿಂಚಣಿಯ ಋಣ

‘ನಿವೃತ್ತಿ’ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು; ‘ನಿವೃತ್ತಿ ವೇತನ’ ಎಂಬುದು ತೀರ ಹೊಸದು. ಪ್ರವೃತ್ತಿ, ನಿವೃತ್ತಿ ಎಂಬ ಎರಡು ಮಾರ್ಗಗಳನ್ನು ನಮ್ಮ ಶಾಸ್ತ್ರಗಳು ಎಂದೋ ಗುರುತಿಸಿದವು. ಮೈಯಲ್ಲಿ ಸುಕ್ಕು ಮೂಡಿ, ತಲೆ ನರೆತು, ಮೊಮ್ಮಗನ ಮುಖ ಕಂಡ ಮೇಲೆ ಗೃಹಸ್ಥನು ಮನೆಯ ಭಾರವನ್ನು ಮಗನಿಗೊಪ್ಪಿಸಿ ಕಾಡಿನ ಹಾದಿ ಹಿಡಿಯಬೇಕೆಂದು ಸ್ಮೃತಿಕಾರರು ವಿಧಿಸಿದರು. ಅದಕ್ಕೆ ವಾನಪ್ರಸ್ಥವೆಂದು ಹೆಸರು. ಆದರೆ ಹಾಗೆ ಕಾಡಿಗೆ ಹೋದವನಿಗೆ ಪ್ರತಿ ತಿಂಗಳೂ ಖಜಾನೆಯಿಂದ ಹಣ ಸಲ್ಲಬೇಕೆಂದು ಯಾವ ಸ್ಮೃತಿಕಾರನೂ ಹೇಳಲಿಲ್ಲ. ಗೆಡ್ಡೆಗೆಣಸು ತಿಂದು ಕಾಲ ಕಳೆಯಬೇಕೆಂದಷ್ಟೇ ಹೇಳಿದ. ಕಾಡಿಗೆ ಹೋಗದೆ, ಗೆಡ್ಡೆಗೆಣಸನ್ನೂ ತಿನ್ನದೆ, ಸ್ವಂತ ಮನೆಯ ಜಗಲಿಯ ಮೇಲೆ ಪತ್ರಿಕೆ ಓದುತ್ತ ನಿವೃತ್ತನಾಗಿರುವ ಭಾಗ್ಯ ನನ್ನಂಥವರಿಗೆ ಒದಗಿದ್ದು ಕಳೆದ ಒಂದೂವರೆ ಶತಮಾನದ ಆಡಳಿತ ವ್ಯವಸ್ಥೆಯ ಫಲ.

ಕನ್ನಡ ಅಧ್ಯಾಪಕನಾಗಿ ಮೂರು ದಶಕಗಳಿಗೂ ಮಿಗಿಲಾಗಿ ದುಡಿದು ಕೆಲವು ವರ್ಷಗಳ ಹಿಂದೆ ನಾನು ನಿವೃತ್ತನಾದೆ. ನವೆಂಬರ್ ತಿಂಗಳು ನಾಡಿಗೆಲ್ಲ ರಾಜ್ಯೋತ್ಸವದ ತಿಂಗಳು. ಪಿಂಚಣಿದಾರರಾದ ನಮಗೆ ಅದು ಬದುಕಿದ್ದೇವೆಂದು ರುಜುವಾತು ಮಾಡುವ ತಿಂಗಳೂ ಹೌದು. ಬ್ಯಾಂಕಿನಲ್ಲಿ ಸಾಲಾಗಿ ಕುಳಿತು, ನಮ್ಮ ಸರದಿ ಬಂದಾಗ ಸಹಿ ಹಾಕಿಯೋ ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತಿಯೋ ನಾವಿನ್ನೂ ಇದ್ದೇವೆಂದು ದಾಖಲಿಸಿ ಬರಬೇಕು. ಆ ನಮೂನೆಯಲ್ಲಿ ‘ಬದುಕಿದ್ದೀರಾ?’ ಎಂಬ ಪ್ರಶ್ನೆಯುಂಟು. ‘ಬದುಕಿ ಏನು ಮಾಡುತ್ತಿದ್ದೀರಿ?’ ಎಂಬ ಪ್ರಶ್ನೆಯಿಲ್ಲ. ಸರ್ಕಾರ ಕೇಳದಿದ್ದ ಆ ಎರಡನೆಯ ಪ್ರಶ್ನೆಯನ್ನು ತಾವೇ ಕೇಳಿಕೊಂಡ ಹಿರಿಯರ ಪರಂಪರೆಯೊಂದು ನಮ್ಮ ನಾಡಿನಲ್ಲಿದೆ. ಆ ಪರಂಪರೆಯ ಕೆಲವು ಎಳೆಗಳನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಊರಿನ ಕೆಲಸಕ್ಕೆ ಹಿರಿಯರು ನಿಲ್ಲುವುದು ನಮ್ಮಲ್ಲಿ ಪಿಂಚಣಿಯಿಂದ ಆರಂಭವಾದದ್ದಲ್ಲ. ಶಾಸನಗಳನ್ನು ಓದಿದವರಿಗೆ ಊರ ಗಾವುಂಡರೂ ಅಗ್ರಹಾರದ ಮಹಾಜನರೂ ಪರಿಚಿತರೇ. ದೇವಾಲಯ, ಛತ್ರ, ಕೆರೆ, ತೂಬು ಇವುಗಳ ಉಸ್ತುವಾರಿ ಅವರ ಕೈಯಲ್ಲಿರುತ್ತಿತ್ತು. ಕೆರೆಯ ದುರಸ್ತಿಗೆಂದು ಬಿಟ್ಟ ‘ಬಿತ್ತುವಟ್ಟ’ದ ದತ್ತಿಗಳು, ಹೂಳೆತ್ತುವ ಬಂಡಿಯ ಖರ್ಚಿಗೆಂದು ಬಿಟ್ಟ ಭೂಮಿ, ಇವೆಲ್ಲ ಶಾಸನಗಳಲ್ಲಿ ಕಾಣಸಿಗುತ್ತವೆ. ಕೆರೆಯನ್ನು ಒಂದು ತಲೆಮಾರು ಕಟ್ಟಿದರೆ ಸಾಲದು. ಪ್ರತಿ ತಲೆಮಾರೂ ಅದರ ಹೂಳನ್ನು ತೆಗೆಯುತ್ತಿರಬೇಕೆಂಬ ವಿವೇಕ ಆ ದತ್ತಿಗಳಲ್ಲಿದೆ. ಆದರೆ ಆ ಹಿರಿಯರು ನಿವೃತ್ತರಲ್ಲ. ಅವರು ಹೊಲದ ಒಡೆಯರು, ಊರಿನ ಅಧಿಕಾರಿಗಳು, ವೃತ್ತಿಯ ಹಕ್ಕುದಾರರು. ಕೈಯಲ್ಲಿ ಅಧಿಕಾರವಿದ್ದಾಗಲೇ ಅವರು ಊರಿನ ಕೆಲಸ ಮಾಡಿದರು. ಅಧಿಕಾರ ಕಳೆದ ಮೇಲೆ, ಕೇವಲ ಕಾಲವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಊರಿಗೆ ಒದಗುವವನು ಚರಿತ್ರೆಯಲ್ಲಿ ಹೊಸ ಮನುಷ್ಯ.

ಈ ಹೊಸ ಮನುಷ್ಯ ನಮ್ಮ ಭಾಗದಲ್ಲಿ ಕಾಣಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಮೈಸೂರು ಸಂಸ್ಥಾನದ ಕಚೇರಿಗಳೂ ಶಾಲೆಗಳೂ ಬೆಳೆದಂತೆ ಸಂಬಳದ ನೌಕರರ ವರ್ಗವೊಂದು ಬೆಳೆಯಿತು. ಐವತ್ತೈದು ತುಂಬಿದ ಕೂಡಲೇ ಅವರು ಕುರ್ಚಿ ಬಿಟ್ಟು ಏಳಬೇಕಾಗಿತ್ತು. ಕೇಂದ್ರ ಸರ್ಕಾರದ ನೌಕರರಿಗೆ ಆ ಮಿತಿ ೫೮ಕ್ಕೆ ಏರಿದ್ದು ೧೯೬೨ರಲ್ಲಿ, ೬೦ಕ್ಕೆ ಏರಿದ್ದು ೧೯೯೮ರಲ್ಲಿ. ನಮ್ಮ ರಾಜ್ಯದಲ್ಲಿ ೬೦ ಆದದ್ದು ೨೦೦೮ರಲ್ಲಿ. ಅಂದಿನ ನಿವೃತ್ತರು ನೆಲೆಸಿದ್ದು ಮೈಸೂರಿನ ಶಾಂತವಾದ ಬೀದಿಗಳಲ್ಲಿ. ಬೆಂಗಳೂರಿನಲ್ಲಿ ೧೮೯೮ರ ಪ್ಲೇಗಿನ ಅನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ. ಮೈಸೂರಿಗೆ ‘ಪಿಂಚಣಿದಾರರ ಸ್ವರ್ಗ’ವೆಂಬ ಬಿರುದೇ ಬಂದಿತು. ಕೊಡೆ, ಕೋಟು, ಪೇಟ, ಬೆಳಗಿನ ವಾಯುಸಂಚಾರ, ಸಂಜೆಯ ಹರಟೆ: ಈ ಚಿತ್ರವನ್ನು ನಮ್ಮ ಹಾಸ್ಯ ಲೇಖಕರು ಬೇಕಾದಷ್ಟು ಬರೆದಿದ್ದಾರೆ.

ಆದರೆ ಆ ಸ್ವರ್ಗದ ಖರ್ಚನ್ನು ಕೊಡುತ್ತಿದ್ದವರು ಯಾರು? ಸಂಸ್ಥಾನದ ಬೊಕ್ಕಸಕ್ಕೆ ಬರುತ್ತಿದ್ದ ಹಣದಲ್ಲಿ ದೊಡ್ಡ ಪಾಲು ಭೂಕಂದಾಯ. ಉಳುವ ರೈತನಿಗೆ ಐವತ್ತೈದಾಗಲಿ ಎಪ್ಪತ್ತೈದಾಗಲಿ ನೇಗಿಲು ಬಿಡುವಂತಿರಲಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು ೩೨ ವರ್ಷ. ಎಳೆಯ ಮಕ್ಕಳ ಸಾವೇ ಆ ಸರಾಸರಿಯನ್ನು ಅಷ್ಟು ಕೆಳಕ್ಕೆ ಎಳೆದದ್ದು ನಿಜ. ಆದರೂ ಐವತ್ತೈದನ್ನು ಮುಟ್ಟುವುದು, ಮುಟ್ಟಿದ ಮೇಲೆ ಕುಳಿತು ಉಣ್ಣುವುದು, ಕೆಲವೇ ಮಂದಿಯ ಭಾಗ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆ ವಿರಾಮ ಮತ್ತೊಬ್ಬರ ಬೆವರಿನಿಂದ ಬಂದದ್ದು. ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಋಣಗಳನ್ನು ನಮ್ಮವರು ಎಣಿಸಿದರು. ನಿವೃತ್ತನಿಗೆ ನಾಲ್ಕನೆಯದೊಂದು ಋಣವಿದೆ. ಅದು ಪಿಂಚಣಿಯ ಋಣ. ಅದನ್ನು ಅರಿತವರು ಏನು ಮಾಡಿದರೆಂಬುದೇ ನಮ್ಮ ಕಥೆ.

ಮೊದಲು ನೆನೆಯಬೇಕಾದವರು ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು. ೧೮೪೪ರಲ್ಲಿ ಹುಟ್ಟಿ ೧೯೩೩ರಲ್ಲಿ ಕಾಲವಾದ ಈ ಮಹನೀಯರನ್ನು ಊರಿಗೆ ಊರೇ ‘ತಾತಯ್ಯ’ ಎಂದು ಕರೆಯಿತು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ಅವರು ಪಡೆದ ಕೀರ್ತಿ ಒಂದು ಕಡೆ. ಪತ್ರಿಕೋದ್ಯಮದಲ್ಲಿ ಸರ್ಕಾರದ ಕೋಪಕ್ಕೂ ಅಂಜದೆ ನಡೆಸಿದ ಸಾಹಸ ಇನ್ನೊಂದು ಕಡೆ. ಆದರೆ ಮೈಸೂರಿನ ಜನ ಅವರನ್ನು ನೆನೆಯುವುದು ಮುಖ್ಯವಾಗಿ ಅನಾಥಾಲಯದ ಸ್ಥಾಪಕರೆಂದು. ದಿಕ್ಕಿಲ್ಲದ ಹುಡುಗರಿಗೆ ಊಟ, ವಸತಿ, ವಿದ್ಯೆ ಒದಗಿಸುವ ಆ ಕೆಲಸವನ್ನು ಅವರು ಉದ್ಯೋಗದ ಜೊತೆಗೆ ಕೈಗೊಂಡರು. ಉದ್ಯೋಗ ಮುಗಿದ ಮೇಲೂ ಬಿಡಲಿಲ್ಲ. ೧೯೨೨ರಲ್ಲಿ ದಾವಣಗೆರೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರನ್ನು ಅರಸಿಕೊಂಡು ಬಂದಾಗ ಅವರಿಗೆ ಎಪ್ಪತ್ತೆಂಟು. ಆ ಬಳಿಕವೂ ಹನ್ನೊಂದು ವರ್ಷ ಬದುಕಿ, ಊರಿನ ಮಕ್ಕಳ ಅಜ್ಜನಾಗಿಯೇ ಅವರು ಉಳಿದರು. ಮೈಸೂರಿನಲ್ಲಿ ಅವರ ಪ್ರತಿಮೆಯಿರುವ ವೃತ್ತವನ್ನು ಇಂದಿಗೂ ಜನ ತಾತಯ್ಯನವರ ಹೆಸರಿನಿಂದಲೇ ಗುರುತಿಸುತ್ತಾರೆ.

ಇಲ್ಲಿಯೇ ಮತ್ತೊಂದು ಸಂಗತಿಯನ್ನು ಹೇಳಿಬಿಡಬೇಕು. ಆ ಕಾಲದ ಮೈಸೂರು, ಬೆಂಗಳೂರುಗಳಲ್ಲಿ ‘ವಾರಾನ್ನ’ದ ಪದ್ಧತಿಯಿತ್ತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಮತ್ತೊಂದು ಮನೆಯಲ್ಲಿ, ಹೀಗೆ ವಾರದ ಏಳು ದಿನಕ್ಕೂ ಊಟದ ಮನೆ ಗೊತ್ತುಮಾಡಿಕೊಂಡು ವಿದ್ಯೆ ಪೂರೈಸುತ್ತಿದ್ದ. ಜಾತಿಯ ಗೆರೆಗಳನ್ನು ಆ ಪದ್ಧತಿ ದಾಟಲಿಲ್ಲವೆಂಬ ಮಾತು ಸತ್ಯ. ಆದರೂ ಒಂದು ತಲೆಮಾರಿನ ಅಧ್ಯಾಪಕರೂ ಸಾಹಿತಿಗಳೂ ಅದರ ಅನ್ನ ಉಂಡವರು. ನಿವೃತ್ತರ ಮನೆಗಳೂ ಅಂಥ ಹುಡುಗರಿಗೆ ಬಾಗಿಲು ತೆರೆದವು. ಧರ್ಮಿಷ್ಠರೆಂಬ ಹೆಸರು ಯಜಮಾನರಿಗೆ ಸಂದಿತು. ಆದರೆ ಬಡಿಸಿದ ಕೈ ಯಾರದು? ಅರುವತ್ತರ ಮೇಲೂ ಒಲೆಯ ಮುಂದೆ ನಿಂತ ಗೃಹಿಣಿಗೆ ನಿವೃತ್ತಿಯೂ ಇರಲಿಲ್ಲ, ವೇತನವೂ ಇರಲಿಲ್ಲ. ಹಿರಿಯರ ಸೇವೆಯ ಇತಿಹಾಸ ಬರೆಯುವವರು ಜಗಲಿಯನ್ನು ದಾಟಿ ಅಡಿಗೆಮನೆಯನ್ನೂ ಒಮ್ಮೆ ಇಣುಕಿ ನೋಡಬೇಕು. ಮನೆಯ ಹೊರಗೂ ಹೆಂಗಸರು ಸಂಸ್ಥೆಗಳನ್ನು ಕಟ್ಟಿದ್ದುಂಟು. ಬಾಲ್ಯದಲ್ಲಿಯೇ ವಿಧವೆಯಾದ ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭಿಸಿದ ‘ಮಕ್ಕಳ ಕೂಟ’ವೇ ಅದಕ್ಕೆ ಸಾಕ್ಷಿ. ಪಿಂಚಣಿಯ ಆಸರೆಯಿಲ್ಲದವರೂ ಊರಿಗೆ ಹೀಗೆ ಒದಗಿದರು.

ಅದೇ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆ. ೧೯೧೫ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಅರಮನೆಯ ಪೋಷಣೆಯಿತ್ತು, ದಿವಾನರ ಬೆಂಬಲವಿತ್ತು. ಆದರೆ ಸಂಸ್ಥೆಯೊಂದು ನಿಲ್ಲುವುದು ಉದ್ಘಾಟನೆಯ ದಿನದ ದೀಪದಿಂದಲ್ಲ. ಮಾರನೆಯ ದಿನದಿಂದ ಬಾಗಿಲು ತೆಗೆದು ಕಸ ಗುಡಿಸುವವರಿಂದ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಕರ್ಪೂರ ಶ್ರೀನಿವಾಸರಾಯರು ಪರಿಷತ್ತಿಗೆ ಸ್ವಂತ ಮನೆಯೊಂದು ಬೇಕೆಂದು ದುಡಿದವರಲ್ಲಿ ಪ್ರಮುಖರು. ಇಂದು ನಾವು ಕಾಣುವ ಶ್ರೀಕೃಷ್ಣರಾಜ ಪರಿಷನ್ಮಂದಿರದ ಹಿಂದೆ ಅವರ ಶ್ರಮವಿದೆ. ಸೇತುವೆ, ಕಾಲುವೆಗಳ ಅಳತೆ ತಿಳಿದಿದ್ದ ಕೈ ಕನ್ನಡಕ್ಕೊಂದು ಸೂರು ಹೊಂದಿಸಲು ಒದಗಿತು.

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚಾಗಿ ಕಾಡುವ ಉದಾಹರಣೆ ಆರ್. ನರಸಿಂಹಾಚಾರ್ಯರದು. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ೧೯೦೭ರಲ್ಲಿ ಬಂದಿತು, ಅದರಲ್ಲಿ ಅವರಿಗೆ ಜೊತೆಯಾಗಿದ್ದ ಎಸ್. ಜಿ. ನರಸಿಂಹಾಚಾರ್ಯರು ಅದೇ ವರ್ಷ ತೀರಿಕೊಂಡರು. ಎರಡನೆಯ ಸಂಪುಟ ೧೯೧೯ರಲ್ಲಿ. ಪ್ರಾಕ್ತನ ಇಲಾಖೆಯ ನಿರ್ದೇಶಕ ಹುದ್ದೆಯಿಂದ ಆಚಾರ್ಯರು ೧೯೨೨ರಲ್ಲಿ ನಿವೃತ್ತರಾದರು. ಅಲ್ಲಿಗೆ ಸಾಕೆನ್ನಬಹುದಾಗಿತ್ತು. ಆದರೆ ಮೂರನೆಯ ಸಂಪುಟ ಹೊರಬಂದದ್ದು ೧೯೨೯ರಲ್ಲಿ, ಅವರಿಗೆ ಎಪ್ಪತ್ತು ಸಮೀಪಿಸಿದ್ದಾಗ. ಸಾವಿರಕ್ಕೂ ಮಿಕ್ಕ ಕವಿಗಳ ಕಾಲ, ದೇಶ, ಕೃತಿಗಳನ್ನು ಓಲೆಗರಿಗಳಿಂದಲೂ ಶಾಸನಗಳಿಂದಲೂ ಹೆಕ್ಕಿ ಪೋಣಿಸಿದ ಆ ಮೂರು ಸಂಪುಟಗಳಿಲ್ಲದೆ ನನ್ನಂಥವನು ತರಗತಿಯಲ್ಲಿ ಒಂದು ದಿನವೂ ಪಾಠ ಹೇಳಲಾಗುತ್ತಿರಲಿಲ್ಲ. ನನ್ನ ಸಂಬಳದಲ್ಲಿ ಅವರ ನಿವೃತ್ತ ಜೀವನದ ಏಳು ವರ್ಷಗಳ ಪಾಲೂ ಸೇರಿದೆಯೆಂದು ಈಗ ಅನ್ನಿಸುತ್ತದೆ.

ಬಿ. ಎಂ. ಶ್ರೀಕಂಠಯ್ಯನವರ ಹೆಸರನ್ನು ಹೇಳದೆ ಮುಂದುವರಿಯಲಾಗದು. ಪರಿಷತ್ತಿನ ಉಪಾಧ್ಯಕ್ಷರಾಗಿ ಅವರು ಕನ್ನಡ ಪರೀಕ್ಷೆಗಳಿಗೆ ನಾಂದಿ ಹಾಡಿದರು. ಕಾಲೇಜಿನ ಮೆಟ್ಟಿಲು ಹತ್ತಲಾಗದಿದ್ದ ಎಷ್ಟೋ ಮಂದಿ ‘ಕಾವ’, ‘ಜಾಣ’, ‘ರತ್ನ’ಗಳನ್ನು ಮುಗಿಸಿ ಕನ್ನಡದ ಪಂಡಿತರಾದರು. ಮೈಸೂರು ವಿಶ್ವವಿದ್ಯಾನಿಲಯದ ಸೇವೆಯಿಂದ ೧೯೪೨ರಲ್ಲಿ ನಿವೃತ್ತರಾದ ‘ಶ್ರೀ’ಯವರು ೧೯೪೪ರಲ್ಲಿ ಧಾರವಾಡಕ್ಕೆ ಹೊರಟುಬಿಟ್ಟರು. ಅಲ್ಲಿ ಹೊಸದಾಗಿ ತಲೆಯೆತ್ತಿದ್ದ ಕಾಲೇಜೊಂದಕ್ಕೆ ಅವರು ಪ್ರಿನ್ಸಿಪಾಲರು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಹನ್ನೆರಡು ವರ್ಷಗಳಿದ್ದವು. ನಕ್ಷೆಯಲ್ಲಿ ಒಂದಾಗದಿದ್ದ ನಾಡಿನ ಮತ್ತೊಂದು ತುದಿಗೆ ಅರುವತ್ತರ ವಯಸ್ಸಿನಲ್ಲಿ ಹೋಗಿ ನೆಲೆಸಿದ ಅವರು ೧೯೪೬ರ ಜನವರಿಯಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ಇನ್ನು ಪರಿಷತ್ತಿನ ಕನ್ನಡ ನಿಘಂಟಿನ ಕಥೆ. ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಬಂದಿತ್ತು. ಕನ್ನಡ ಪದಗಳಿಗೆ ಕನ್ನಡದಲ್ಲಿಯೇ ಅರ್ಥ ಹೇಳುವ, ಶಾಸನದಿಂದ ಹೊಸಗನ್ನಡದವರೆಗೆ ಪ್ರಯೋಗಗಳನ್ನು ಕೊಡುವ ಬೃಹತ್ ಕೋಶವೊಂದು ಬೇಕೆಂದು ೧೯೪೦ರ ದಶಕದಲ್ಲಿ ಕೆಲಸ ಆರಂಭವಾಯಿತು. ವಿದ್ವಾಂಸರು ಹಳೆಯ ಕಾವ್ಯಗಳನ್ನೂ ಶಾಸನಗಳನ್ನೂ ಸಾಲು ಸಾಲಾಗಿ ಓದಿ, ಒಂದೊಂದು ಪದವನ್ನೂ ಒಂದೊಂದು ಚೀಟಿಯ ಮೇಲೆ ಬರೆದರು. ಚೀಟಿಗಳು ಲಕ್ಷಗಟ್ಟಲೆಯಾದವು. ಮೊದಲ ಸಂಪುಟ ಅಚ್ಚಾಗಿ ಬಂದದ್ದು ೧೯೭೦ರಲ್ಲಿ. ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಮೇಲೂ ಆ ಕೆಲಸದಲ್ಲಿ ಮುಳುಗಿದ್ದ ಡಿ. ಎಲ್. ನರಸಿಂಹಾಚಾರ್ಯರು ಮರು ವರ್ಷವೇ ತೀರಿಕೊಂಡರು. ಎಂಟನೆಯದಾದ ಕೊನೆಯ ಸಂಪುಟ ಹೊರಬಂದದ್ದು ೧೯೯೫ರಲ್ಲಿ. ಆರಂಭಿಸಿದವರಲ್ಲಿ ಅನೇಕರು ಮುಕ್ತಾಯವನ್ನು ಕಾಣಲಿಲ್ಲ. ಕಾಣಲಾರೆವೆಂಬ ಅರಿವು ಅವರಿಗೆ ಇರದೆಯೂ ಇರಲಿಲ್ಲ. ‘ಅ’ಕಾರವನ್ನು ಜೋಡಿಸುತ್ತಿರುವ ಮುದುಕನಿಗೆ ‘ಹ’ಕಾರ ಎಷ್ಟು ದೂರವಿದೆಯೆಂದು ಬೇರೆಯವರು ಹೇಳಬೇಕಾಗಿಲ್ಲ.

ಆ ಕೆಲಸವನ್ನು ಮುಂದಕ್ಕೆ ಕೊಂಡೊಯ್ದವರು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು. ೧೯೧೩ರಲ್ಲಿ ಹುಟ್ಟಿದ ಅವರು ೧೯೭೩ರಲ್ಲಿ ಬೆಂಗಳೂರಿನ ವಿಜಯ ಕಾಲೇಜಿನಿಂದ ನಿವೃತ್ತರಾದರು. ಅನಂತರದ ವರ್ಷಗಳಲ್ಲಿ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದರು. ೧೯೯೧ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ಬರೆಯತೊಡಗಿ, ಓದುಗರು ಕೇಳಿದ ಪದಗಳ ಹುಟ್ಟು, ಅರ್ಥ, ಬಳಕೆಗಳನ್ನು ಬಹುಕಾಲ ತಾಳ್ಮೆಯಿಂದ ಬಿಡಿಸಿ ಹೇಳಿದರು. ೨೦೧೧ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ ತೊಂಬತ್ತೇಳು. ೨೦೨೧ರಲ್ಲಿ, ನೂರ ಏಳನೆಯ ವಯಸ್ಸಿನಲ್ಲಿ ಅವರು ನಮ್ಮನ್ನು ಅಗಲಿದರು. ಉದ್ಯೋಗದಲ್ಲಿದ್ದುದಕ್ಕಿಂತ ಹೆಚ್ಚು ವರ್ಷ ಅವರು ನಿವೃತ್ತರಾಗಿದ್ದರು. ಅವರನ್ನು ನಾಡು ನೆನೆಯುವುದು ಹೆಚ್ಚಾಗಿ ಆ ವರ್ಷಗಳ ಕೆಲಸಕ್ಕಾಗಿಯೇ.

ಈ ಬದುಕುಗಳನ್ನು ಒಟ್ಟಾಗಿ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಮುಂದೆ ಬಹಳ ಕಾಲವಿದೆಯೆಂದುಕೊಳ್ಳುವ ಯುವಕ ಬೇಗ ಮುಗಿಯುವ ಕೆಲಸವನ್ನು ಹುಡುಕುತ್ತಾನೆ. ಕಾಲ ಕಡಮೆಯಿದೆಯೆಂದು ತಿಳಿದ ಈ ಹಿರಿಯರಾದರೋ ಎಲ್ಲಕ್ಕಿಂತ ದೀರ್ಘವಾದ ಕೆಲಸವನ್ನೇ ಹಿಡಿದರು. ಮುಗಿಸಿ ಹೆಸರು ಪಡೆಯಬೇಕೆಂಬ ಆತುರ ಕಳೆದ ಮೇಲೆಯೇ ಅಂಥ ಕೆಲಸ ಸಾಧ್ಯವೋ ಏನೋ. ಹಾಗೆಂದು ನಿವೃತ್ತರಾದವರೆಲ್ಲ ಈ ದಾರಿಯಲ್ಲಿ ನಡೆಯುತ್ತಾರೆಂದು ನಾನು ಹೇಳಲಾರೆ. ನಡೆಯದವರಿಗೆ ಉದಾಹರಣೆಯಾಗಿ ನನ್ನನ್ನೇ ಕೊಡುತ್ತೇನೆ.

ನಿವೃತ್ತನಾದ ವರ್ಷವೇ ನಮ್ಮ ಬಡಾವಣೆಯ ಸಣ್ಣ ವಾಚನಾಲಯವೊಂದಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ನಾನು ಸಂತೋಷದಿಂದ ಒಪ್ಪಿದೆ. ಅಧ್ಯಕ್ಷನಾದವನು ಅಧ್ಯಕ್ಷ ಭಾಷಣ ಮಾಡಬೇಕು. ಭಾಷಣ ಮಾಡಲು ಸಮಾರಂಭ ಬೇಕು. ಆ ವರ್ಷ ನಾಲ್ಕು ಸಮಾರಂಭಗಳನ್ನು ನಡೆಸಿದೆವು. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ ಯಾವುದಕ್ಕೂ ಕೊರತೆಯಾಗಲಿಲ್ಲ. ವಾಚನಾಲಯದ ಒಳಕೋಣೆಗೆ ಮಾತ್ರ ನಾನು ಹೋದದ್ದು ಅಪರೂಪ. ಅಲ್ಲಿ ದಿನವೂ ಸಂಜೆ ಬಾಗಿಲು ತೆಗೆದು ಪುಸ್ತಕ ಕೊಡುತ್ತಿದ್ದವರು ನನಗಿಂತ ನಾಲ್ಕೈದು ವರ್ಷ ಹಿರಿಯರಾದ, ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದ ಒಬ್ಬರು. ಸಮಿತಿಯಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಮೆಟ್ಟಿಲು ಹತ್ತಲಾರದ ವೃದ್ಧೆಯರಿಗೆ, ಕಾಲು ಮುರಿದು ಮಲಗಿದವರಿಗೆ ಬೇಕಾದ ಪುಸ್ತಕಗಳನ್ನು ಚೀಲದಲ್ಲಿಟ್ಟುಕೊಂಡು ಅವರು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದರು. ಮೂವತ್ತು ವರ್ಷ ಕಾಗದ ಹಂಚಿದ ಬೀದಿಗಳು. ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆಂದು ಅವರಿಗೆ ಗೊತ್ತಿತ್ತು.

ನಾಲ್ಕನೆಯ ಸಮಾರಂಭದ ಮಾರನೆಯ ದಿನ ನಾನು ಏಕೋ ಒಳಕೋಣೆಗೆ ಹೋದೆ. ಅವರು ನೆಲದ ಮೇಲೆ ಕುಳಿತು, ಮನೆಯಿಂದ ಕಾಯಿಸಿ ತಂದ ಮೈದಾ ಅಂಟಿನಿಂದ ಹರಿದ ಕಾದಂಬರಿಯೊಂದರ ಬೆನ್ನನ್ನು ಅಂಟಿಸುತ್ತಿದ್ದರು. ‘ರಟ್ಟು ಕಟ್ಟುವವರಿಗೆ ಕೊಡಬಾರದೆ?’ ಎಂದೆ. ‘ಕೊಡಬಹುದಿತ್ತು ಮೇಷ್ಟ್ರೇ. ನಿನ್ನೆಯ ಹಾರದ ದುಡ್ಡಿನಲ್ಲಿ ಹನ್ನೆರಡು ಪುಸ್ತಕಕ್ಕೆ ರಟ್ಟು ಹಾಕಿಸಬಹುದಾಗಿತ್ತು’ ಎಂದರು. ಕೋಪದಿಂದ ಹೇಳಿದ ಮಾತಲ್ಲ. ಲೆಕ್ಕ ಹೇಳಿದ ಮಾತು. ಜಮಾಖರ್ಚಿನ ಪುಸ್ತಕವನ್ನು ತೆಗೆಸಿ ನೋಡಿದೆ. ಪುಸ್ತಕಗಳ ದುರಸ್ತಿಗೆಂದು ಎತ್ತಿಟ್ಟಿದ್ದ ಹಣ ನನ್ನ ಸಹಿಯಿಂದಲೇ ಸಮಾರಂಭದ ಖಾತೆಗೆ ಹೋಗಿತ್ತು. ಕವಿಚರಿತೆಯ ಹಿರಿಮೆಯನ್ನು ಮೂವತ್ತು ವರ್ಷ ಪಾಠ ಹೇಳಿದವನಿಗೆ ಕಣ್ಣೆದುರಿನ ಕಪಾಟಿನಲ್ಲಿ ಪುಸ್ತಕಗಳು ಹರಿದು ಬೀಳುತ್ತಿರುವುದು ಕಂಡಿರಲಿಲ್ಲ.

ಆ ಹಣವನ್ನು ನಾನು ತುಂಬಿಕೊಟ್ಟೆ. ಅದು ದೊಡ್ಡ ಮಾತಲ್ಲ. ಬುಧವಾರ ಮತ್ತು ಶನಿವಾರ ಸಂಜೆ ಅವರ ಪಕ್ಕದಲ್ಲಿ ಕುಳಿತು ಅಂಟು ಹಚ್ಚುವುದನ್ನು ಕಲಿತೆ. ನನ್ನ ಮಟ್ಟಿಗೆ ಅದೇ ದೊಡ್ಡ ಮಾತು. ಮೊದಲ ತಿಂಗಳು ನಾನು ಅಂಟಿಸಿದ ಹಾಳೆಗಳು ಸೊಟ್ಟಗಾದವು. ಅವರು ಅವನ್ನು ಬಿಡಿಸಿ ಮತ್ತೆ ಅಂಟಿಸಿದರು, ನನಗೆ ಹೇಳದೆ.

ಅಮೆರಿಕ ದೇಶದಲ್ಲಿ ಇಂಥ ಸೇವೆಗೆ ಸರ್ಕಾರವೇ ಒಂದು ಏರ್ಪಾಟು ಮಾಡಿದೆ. ೧೯೬೦ರ ದಶಕದಲ್ಲಿ ನ್ಯೂಯಾರ್ಕ್ ನಗರದ ಸ್ಟೇಟನ್ ಐಲೆಂಡಿನಲ್ಲಿ ಸೇವಾಸಂಸ್ಥೆಯೊಂದು ವೃದ್ಧರನ್ನು ಗುಂಪುಗೂಡಿಸಿ ಊರಿನ ಸಂಸ್ಥೆಗಳ ಕೆಲಸಕ್ಕೆ ಹಚ್ಚಿತು. ಅದರ ಅನುಭವದ ಮೇಲೆ ೧೯೬೯ರಲ್ಲಿ ಕಾನೂನಿನಲ್ಲಿ ಅವಕಾಶ ಕಲ್ಪಿಸಿ, ೧೯೭೧ರಲ್ಲಿ ನಿವೃತ್ತ ಹಾಗೂ ಹಿರಿಯ ಸ್ವಯಂಸೇವಕರ ಕಾರ್ಯಕ್ರಮವನ್ನು ದೇಶಕ್ಕೆಲ್ಲ ವಿಸ್ತರಿಸಿದರು. ಆ ಸೇವಕರಿಗೆ ಸಂಬಳವಿಲ್ಲ. ಆದರೆ ಹೋಗಿಬರುವ ವೆಚ್ಚ ಮೊದಲಾದ ಸಣ್ಣ ಖರ್ಚುಗಳನ್ನು ಭರಿಸುವುದುಂಟು. ಇದರ ಹಿಂದಿನ ತಿಳಿವಳಿಕೆ ನನಗೆ ಮೆಚ್ಚಿಗೆಯಾಯಿತು. ಸೇವೆ ಮಾಡುವ ಮನಸ್ಸಿದ್ದರೂ ಬಸ್ಸಿನ ಕಾಸಿಲ್ಲದೆ ಮನೆಯಲ್ಲುಳಿಯುವ ಹಿರಿಯರೂ ಇರುತ್ತಾರೆ. ದುಡ್ಡಿದ್ದರೂ ಎಲ್ಲಿಗೆ, ಯಾವ ದಿನ, ಯಾವ ಕೆಲಸಕ್ಕೆ ಹೋಗಬೇಕೆಂದು ಹೇಳುವವರಿಲ್ಲದೆ ಉಳಿಯುವವರೂ ಇರುತ್ತಾರೆ. ಸದ್ಭಾವನೆಯೊಂದೇ ಸಾಲದು, ವಾರ, ವೇಳೆ, ಕೆಲಸ ಮೂರೂ ಗೊತ್ತಾಗಿರಬೇಕು. ನಮ್ಮ ಅಂಚೆಯವರಿಗೆ ಇದನ್ನು ಯಾವ ಸರ್ಕಾರವೂ ಕಲಿಸಲಿಲ್ಲ. ಸಂಜೆ ಐದು ಗಂಟೆಗೆ ಅವರ ಸೈಕಲ್ಲು ವಾಚನಾಲಯದ ಮುಂದೆ ಇರುತ್ತಿತ್ತು.

ಕಾಡಿಗೆ ಹೋಗುವ ವಾನಪ್ರಸ್ಥದಿಂದ ಮಾತು ಆರಂಭಿಸಿದೆ. ಆ ಮಾತನ್ನು ಅಕ್ಷರಶಃ ಬದುಕಿದವರೊಬ್ಬರನ್ನು ನೆನೆಯದೆ ಮುಗಿಸಬಾರದು. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಸಮುದಾಯದ ಹೆಣ್ಣುಮಗಳು. ಶಾಲೆಯ ಮುಖ ಕಂಡವರಲ್ಲ. ತಾಯಿಯ ಜೊತೆ ಅರಣ್ಯ ಇಲಾಖೆಯ ಸಸಿಮಡಿಗೆ ಕೂಲಿಗೆ ಹೋದ ಬಾಲಕಿ ದಶಕಗಳ ಕಾಲ ದಿನಗೂಲಿಯವರಾಗಿಯೇ ಉಳಿದು, ಬಹಳ ತಡವಾಗಿ ಖಾಯಂ ನೌಕರರಾಗಿ, ಕೊನೆಗೆ ನಿವೃತ್ತರಾದರು. ಯಾವ ಮರದ ಬೀಜ ಯಾವ ಕಾಲದಲ್ಲಿ ಆಯಬೇಕು, ಬೀಜಕ್ಕೆ ತಕ್ಕ ತಾಯಿಮರ ಯಾವುದು, ಯಾವುದು ಹೇಗೆ ಮೊಳೆಯುತ್ತದೆ ಎಂಬ ಜ್ಞಾನ ಅವರ ಬೆರಳುಗಳಲ್ಲಿತ್ತು. ನಿವೃತ್ತಿಯ ಮೇಲೂ ಅವರು ಬೀಜ ಆಯುವುದನ್ನಾಗಲಿ ಸಸಿ ಬೆಳೆಸುವುದನ್ನಾಗಲಿ ಬಿಡಲಿಲ್ಲ. ಕೇಳಬಂದ ಎಳೆಯರಿಗೆ ತಿಳಿದದ್ದನ್ನು ಹೇಳಿಕೊಟ್ಟರು. ೨೦೨೧ರಲ್ಲಿ ರಾಷ್ಟ್ರಪತಿ ಭವನದಲ್ಲಿ ತಮ್ಮ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಿನಲ್ಲಿ ಅವರು ಪದ್ಮಶ್ರೀ ಸ್ವೀಕರಿಸಿದ್ದನ್ನು ನಾಡೆಲ್ಲ ಕಂಡಿತು. ೨೦೨೪ರ ಡಿಸೆಂಬರಿನಲ್ಲಿ ಅವರು ಕಾಲವಾದರು. ಕಾಡುಮರವೊಂದು ನೆರಳು ಕೊಡುವಷ್ಟು ಬೆಳೆಯಲು ಬೇಕಾದ ವರ್ಷಗಳ ಲೆಕ್ಕ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು? ಗೊತ್ತಿದ್ದೂ ಬಿತ್ತಿದರು. ನಿಘಂಟಿನ ಚೀಟಿ ಬರೆದ ಪಂಡಿತರೂ ಬೀಜ ಆಯ್ದ ಈ ತಾಯಿಯೂ ಒಂದೇ ಪಂಕ್ತಿಗೆ ಸೇರಿದವರೆಂದು ನನ್ನ ನಂಬಿಕೆ.

ಪಂಡಿತರ ಕಾಲ ಈಗಿಲ್ಲ. ೨೦೧೧ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಸರಾಸರಿ ಆಯುಸ್ಸು ಈಗ ಎಪ್ಪತ್ತರ ಆಸುಪಾಸಿನಲ್ಲಿದೆ. ಹಿರಿಯರು ಹೆಚ್ಚಾಗಿದ್ದಾರೆ, ಹಳೆಯ ಪಿಂಚಣಿಯ ಭದ್ರತೆ ಕಡಮೆಯಾಗಿದೆ. ನಮ್ಮ ರಾಜ್ಯದಲ್ಲಿ ೨೦೦೬ರ ಏಪ್ರಿಲ್‌ನಿಂದ ಈಚೆಗೆ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿಯನ್ನು ತಂದರು. ಅದರ ಬಗೆಗೆ ಅವರ ಆತಂಕವನ್ನು ನಾವೆಲ್ಲ ಕೇಳಿದ್ದೇವೆ. ಖಾಸಗಿಯಲ್ಲಿ ದುಡಿದ ಬಹುಮಂದಿಗೆ ಅಷ್ಟೂ ಇಲ್ಲ. ಅರುವತ್ತರ ಮೇಲೂ ಕಾವಲುಗಾರರಾಗಿ ರಾತ್ರಿ ಎದ್ದಿರುವವರ ಮುಂದೆ ಸ್ವಯಂಸೇವೆಯ ಉಪದೇಶ ಮಾಡುವುದು ಅಪಚಾರವೇ ಸರಿ. ಈ ಮಾತು ಅವರಿಗಲ್ಲ; ಹಳೆಯ ನಿಯಮದ ನೆರಳಿನಲ್ಲಿ ಕುಳಿತಿರುವ ನನ್ನಂಥ ಕೊನೆಯ ತಲೆಮಾರಿನವರಿಗೆ. ಋಣ ಇರುವುದು ನಮ್ಮ ತಲೆಯ ಮೇಲೆ.

ಕೆಲಸ ಹಿಡಿಯುವುದು ಅರ್ಧ, ಬಿಟ್ಟುಕೊಡುವುದು ಇನ್ನರ್ಧ. ಮುಗಿಯದ ಕೆಲಸವನ್ನು ಕೈಗೊಂಡವನು ಅದನ್ನು ಮತ್ತೊಂದು ಕೈಗೆ ದಾಟಿಸಲೂ ಸಿದ್ಧನಿರಬೇಕು. ಈ ಎರಡನೆಯದೇ ನಮಗೆ ಕಷ್ಟ. ಕುರ್ಚಿಯ ತೋಳನ್ನು ಹಿಡಿದ ಮುದಿಗೈ ಸುಲಭವಾಗಿ ಸಡಿಲುವುದಿಲ್ಲ. ಕಳೆದ ವರ್ಷ ನಮ್ಮ ಅಂಚೆಯವರಿಗೆ ಮಂಡಿನೋವು ಹೆಚ್ಚಾಗಿ ಸೈಕಲ್ಲು ತುಳಿಯಲಾರದಾದರು. ಅವರು ಚೀಲವನ್ನೂ ಒಳಕೋಣೆಯ ಬೀಗದ ಕೈಯನ್ನೂ ತಂದು ಮೇಜಿನ ಮೇಲಿಟ್ಟರು. ನಾನು ಕೈ ಚಾಚಿದೆ. ಅವರು ನನಗೆ ಕೊಡಲಿಲ್ಲ. ಪುಸ್ತಕ ಪಡೆಯಲು ಬರುತ್ತಿದ್ದ ಬಿ.ಎ. ಓದುವ ಹುಡುಗಿಯೊಬ್ಬಳನ್ನು ಕರೆದು ಕೊಟ್ಟರು. ‘ಮೇಷ್ಟ್ರು ಅಂಟು ಹಚ್ಚುತ್ತಾರೆ, ನೀನು ಬಾಗಿಲು ತೆಗಿಯಮ್ಮ’ ಎಂದರು. ಕ್ಷಣಕಾಲ ನನಗೆ ಬೇಸರವಾದದ್ದು ನಿಜ. ಅಧ್ಯಕ್ಷಗಿರಿಯನ್ನು ಆ ತಿಂಗಳೇ ಬಿಟ್ಟೆ. ಬುಧವಾರ, ಶನಿವಾರಗಳನ್ನು ಬಿಟ್ಟಿಲ್ಲ.

ಹಿಂದಿನ ನವೆಂಬರಿನಲ್ಲಿ ಬ್ಯಾಂಕಿನ ಯಂತ್ರ ನನ್ನ ಹೆಬ್ಬೆರಳನ್ನು ಎರಡು ಸಲ ಗುರುತಿಸಲಿಲ್ಲ. ಹಿಂದಿನ ಸಂಜೆಯ ಮೈದಾ ಅಂಟು ಒಣಗಿ ಬೆರಳಿಗೆ ಹತ್ತಿಕೊಂಡಿತ್ತು. ಕೈ ತೊಳೆದು ಬಂದು ಮತ್ತೆ ಒತ್ತಿದೆ. ನಾನು ಬದುಕಿದ್ದೇನೆಂದು ದಾಖಲಾಯಿತು.